ಹಳದಿ ಫ್ರಾಕಿನ ಕೌದಿ

“ಇದನ್ನ ಮೊದಲು ಕೆಳಗಿಳಿಸಿ! ಇದು ನಮ್ಮಮ್ಮನ ಕೌದಿ ಅಲ್ಲ!”

ಸಭಾಂಗಣದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಕೂಗಿದವಳು ಮಿಷನ್ ಅಕ್ಕ. ಹೊಲಿಗೆ ಅಂಗಡಿ ಇಟ್ಟಂದಿನಿಂದ ಬೀದಿಗೆಲ್ಲ ಅವಳು ಮಿಷನ್ ಅಕ್ಕನೇ. ಬಾಯಿಯೂ ಮಿಷನ್ನಿನ ಹಾಗೇ, ಒಮ್ಮೆ ಶುರುವಾದರೆ ದಾರ ಮುಗಿಯುವ ತನಕ ನಿಲ್ಲುವುದಿಲ್ಲ ಎಂದು ಗಿರಾಕಿಗಳು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು.

ಬರುವಾಗ ಅವಳ ಮನಸ್ಸು ಚೆನ್ನಾಗಿಯೇ ಇತ್ತು. ಸಾಣೆಗೆ ಕೊಟ್ಟಿದ್ದ ಕತ್ತರಿಯನ್ನು ಇಸಿದುಕೊಂಡು ಅಂಗಡಿಗೆ ಹೊರಟವಳು, ದಾರಿಯಲ್ಲೇ ಇದೆಯಲ್ಲ, ಕೌದಿ ಸ್ಪರ್ಧೆಯ ಪ್ರದರ್ಶನಕ್ಕೆ ಒಂದು ಸುತ್ತು ಹಾಕೋಣ ಎಂದು ಒಳಗೆ ಬಂದಿದ್ದಳು. ಬಿದಿರುಗಳ ಮೇಲೆ ಸಾಲು ಸಾಲು ಕೌದಿಗಳು. ಯಾರದೋ ಅಜ್ಜನ ಅಂಗಿ, ಯಾರದೋ ಮದುವೆ ಬಟ್ಟೆ, ಯಾವುದೋ ಮಗುವಿನ ಕುಲಾವಿ, ಎಲ್ಲ ಚೌಕ ಚೌಕವಾಗಿ ಅಕ್ಕಪಕ್ಕ ಕೂತಿದ್ದವು. ಒಂದು ಹಸಿರು ಕೌದಿಯ ಮುಂದಂತೂ ಅವಳು ಬಹಳ ಹೊತ್ತು ನಿಂತುಬಿಟ್ಟಿದ್ದಳು. ಕೈಹೊಲಿಗೆ ಅವಳಿಗೆ ಬಾರದು. ಅಮ್ಮ ಕಲಿಸಲು ಕರೆದಾಗಲೆಲ್ಲ ಎದ್ದು ಓಡಿದವಳು ಅವಳು. ಆದರೆ ಬಟ್ಟೆ ಮುಟ್ಟಿದರೆ ಅದರ ವಯಸ್ಸು ಹೇಳಬಲ್ಲಳು.

‘ತಲೆಮಾರಿನ ಕೌದಿಗಳು’ ಎಂಬ ಫಲಕದ ಕೆಳಗೆ ಬಂದಾಗ ಕಾಲು ನಿಂತಿತು. ಕೊನೆಯ ಕೌದಿಗೆ ಸಿಕ್ಕಿಸಿದ್ದ ಚೀಟಿಯಲ್ಲಿ ತಮ್ಮನ ಹೆಂಡತಿಯ ಹೆಸರು. ಅದರ ಕೆಳಗೆ, ‘ನಮ್ಮ ಅತ್ತೆಯವರ ಕೌದಿ’.

ಅತ್ತೆಯವರ ಕೌದಿ ಎಂದರೆ ಅಮ್ಮನ ಕೌದಿ. ನಟ್ಟನಡುವೆ ಹಳದಿ ಫ್ರಾಕಿನ ತುಂಡಿದ್ದ ಕೌದಿ. ಮೊದಲ ದಿನ ಶಾಲೆಗೆ ಹೋಗುವಾಗ ಅಳುತ್ತ ಅಳುತ್ತ ಅವಳು ಹಾಕಿಕೊಂಡಿದ್ದ ಫ್ರಾಕು ಅದು. “ಇದು ಮುಂದೆ ನಿನಗೇ ಕಣೇ” ಎಂದು ಅಮ್ಮ ಎಷ್ಟು ಸಲ ಹೇಳಿದ್ದಳೋ. ಅಮ್ಮ ಹೋದಮೇಲೆ ಅವಳಿಗೆ ಬೇಕಾಗಿದ್ದದ್ದು ಅದೊಂದೇ. ಒಡವೆ ಕೇಳಲಿಲ್ಲ, ಪಾತ್ರೆ ಕೇಳಲಿಲ್ಲ. ಕೌದಿ ಕೇಳಿದರೆ ತಮ್ಮನ ಹೆಂಡತಿ, “ತುಂಬ ಜೀರ್ಣ ಆಗಿದೆ ಅಕ್ಕ, ಮುಟ್ಟಿದ್ರೆ ಹರಿಯುತ್ತೆ. ಸರಿಮಾಡಿ ಕೊಡ್ತೀನಿ” ಅಂದಿದ್ದಳು. ಆಮೇಲೆ ಕೇಳಿದಾಗಲೆಲ್ಲ ಅದೇ ರಾಗ.

ಈಗ ನೋಡಿದರೆ ಇಲ್ಲಿ ಹಳದಿಯ ಸುಳಿವೇ ಇಲ್ಲ. ಹಿಂಬದಿಗೆ ಹೋಗಿ ನೋಡಿದಳು. ಅಲ್ಲಿ ಮಡಿಕೆಯೂ ಮಾಸದ ಬಿಳಿ ಬಟ್ಟೆ. ಮುಂಬದಿಯಲ್ಲಿ ನೇರಳೆ ಕೋಟಿನ ತುಂಡು, ಗುಲಾಬಿ ಅಸ್ತರು, ನರ್ಸುಗಳ ಸಮವಸ್ತ್ರದ ನೀಲಿ. ಎಲ್ಲವೂ ಅವಳ ಅಂಗಡಿಯವೇ! ಹೋದ ವರ್ಷ “ಚಿಂದಿ ಇದ್ರೆ ಕೊಡಿ ಅಕ್ಕ” ಎಂದು ಬಂದು ತಮ್ಮನ ಹೆಂಡತಿ ಚೀಲದ ತುಂಬ ಹೊತ್ತೊಯ್ದದ್ದು ಇದಕ್ಕೇ ಅನ್ನಿ.

ಮಿಷನ್ ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಆಗಲೇ ಅವಳು ಕೂಗಿದ್ದು.

ತಮ್ಮನ ಹೆಂಡತಿ ಜನರ ನಡುವೆ ದಾರಿ ಮಾಡಿಕೊಂಡು ಓಡಿಬಂದಳು.

“ಅಕ್ಕಾ, ಮೆಲ್ಲಗೆ. ನಾನು ಹೇಳ್ತೀನಿ...”

“ಏನೇ ಹೇಳ್ತೀಯ? ಅಮ್ಮನ ಕೌದಿ ಎಲ್ಲಿ?”

“ಎಲ್ಲೂ ಹೋಗಿಲ್ಲ. ಸಂಜೆ ನಿಮ್ಮ ಮನೆಗೇ ಬರೋಳಿದ್ದೆ...”

“ಯಾಕೆ, ಬಹುಮಾನ ತೋರಿಸಿ ಹೊಟ್ಟೆ ಉರಿಸೋಕಾ? ನನ್ನ ಅಂಗಡಿ ಚಿಂದಿಗೆ ನಮ್ಮಮ್ಮನ ಹೆಸರಿಟ್ಟು ತಂದು ನೇತುಹಾಕಿದೀಯಲ್ಲ, ನಾಚಿಕೆ ಆಗಲ್ವೇನೇ ನಿನಗೆ?”

ತೀರ್ಪು ಕೊಡುವ ಹೆಂಗಸು ಪಕ್ಕದಲ್ಲೇ ಇದ್ದಳು. ಗದ್ದಲ ಕೇಳಿ ಹತ್ತಿರ ಬಂದು, ಕೌದಿಯ ಅಂಚನ್ನು ಅಂಗೈಯಲ್ಲಿ ಎತ್ತಿ ಹಿಡಿದಳು.

“ಏನು ಭಾರ ಇದೆ ನೋಡಿ! ಬಿದಿರೇ ಬಗ್ಗಿದೆ,” ಎಂದು ಮೆಚ್ಚಿಕೊಂಡಳು. “ಮೊದಲ ಬಹುಮಾನ ಇದಕ್ಕೇ ಅಂತ ಆಗಲೇ ತೀರ್ಮಾನ ಆಗಿದೆ.”

“ನಿಮ್ಮ ಕಣ್ಣಿಗೇನಾಗಿದೆ? ಈ ನೇರಳೆ ಬಟ್ಟೆ ಹೋದ ವರ್ಷ ನನ್ನ ಕೈಯಲ್ಲೇ ಕತ್ತರಿಸಿದ್ದು. ಹೊಸದು!”

“ಹೊಸದೇ. ಅದಕ್ಕೇನಾಯ್ತಮ್ಮ?”

ಅದಕ್ಕೇನಾಯ್ತಂತೆ! ಇಬ್ಬರೂ ಒಂದಾಗಿದ್ದಾರೆ ಎಂದು ಮಿಷನ್ ಅಕ್ಕನಿಗೆ ಖಾತ್ರಿಯಾಯಿತು. ಅಮ್ಮನ ಕೌದಿ ಯಾವ ಕಸದ ತೊಟ್ಟಿ ಸೇರಿತೋ. ಕಾಲೊರೆಸಿಕೊಳ್ಳಲು ಬಾಗಿಲಲ್ಲಿ ಹಾಕಿ ಆಮೇಲೆ ಎಸೆದಳೋ. ಕಣ್ಣು ಮಂಜಾಯಿತು. ಅತ್ತರೆ ಸೋತಂತೆ. ಕೈ ಚೀಲದೊಳಕ್ಕೆ ಹೋಯಿತು.

“ಬೇಡ ಅಕ್ಕಾ! ಅದರೊಳಗೆ...”

ಮಿಷನ್ ಅಕ್ಕ ಯಾರ ಮಾತನ್ನು ಮುಗಿಸಲು ಬಿಟ್ಟವಳು? ಕತ್ತರಿ ಅಂಚಿಗೆ ಬಾಯಿ ಹಾಕಿತು. ಬಟ್ಟೆ ಅಷ್ಟು ಸುಲಭಕ್ಕೆ ಜಗ್ಗಲಿಲ್ಲ. ಒಳಗೆ ಗೋಣಿಚೀಲ ತುರುಕಿದ್ದಾಳೆ ದರಿದ್ರದವಳು, ಎಂದು ಹಲ್ಲು ಕಚ್ಚಿ ಎರಡೂ ಕೈಯಲ್ಲಿ ಒತ್ತಿದಳು. ಹೊಸ ಸಾಣೆಯ ಕತ್ತರಿ. ಅಂಚಿನಿಂದ ನಟ್ಟನಡುವಿನ ತನಕ ಕಚ್ ಕಚ್ ಎಂದು ಸೀಳಿಕೊಂಡು ಹೋಗಿ ನಿಂತಿತು.

ತಮ್ಮನ ಹೆಂಡತಿ ಅಲ್ಲೇ ನೆಲದ ಮೇಲೆ ಕುಸಿದು ಕೂತಳು.

“ಹಳೇದನ್ನ ಎಸೀಬಾರದು, ಒಳಗಿಟ್ಟು ಅದರ ಮೇಲೇ ಹೊಸದು ಹೊಲೀಬೇಕು ಅಂತ ಅತ್ತೆ ಕಲಿಸಿದ್ರು ಅಕ್ಕ,” ಅಂದಳು. “ಅವರ ಅತ್ತೆದನ್ನೂ ಅವರು ಹಾಗೇ ಹೊಲಿದಿದ್ರಂತೆ. ನಿಮಗೆ ಗೊತ್ತಿರುತ್ತೆ ಅಂದ್ಕೊಂಡಿದ್ದೆ.”

ಮಿಷನ್ ಅಕ್ಕ ಕೈಯತ್ತ ನೋಡಿದಳು. ಕತ್ತರಿಯ ಬಾಯಲ್ಲಿ ಹಳದಿ ಫ್ರಾಕಿನ ಅರ್ಧ ತುಂಡು ಸಿಕ್ಕಿಕೊಂಡಿತ್ತು.