ರಿಬ್ಬನ್ ಕಟ್ಟಿದ ಕಂಬಳಿಗಳು

“ಅದನ್ನ ಮುಟ್ಟಬೇಡಿ ಹಾಜಿ, ರಿಬ್ಬನ್ ಬಿಚ್ಚಿಹೋಗುತ್ತೆ!”

ವ್ಯವಸ್ಥಾಪಕ ಶಾಕಿರ್ ಓಡಿಬಂದು ಬದ್ರಾನ್ ಹಾಜಿಯವರ ಮುಂಗೈ ಹಿಡಿದನು. ಈಜಿಪ್ಟಿನ ಬಿಸಿಲೂರು ಆಸ್ವಾನಿನ ಆ ವೃದ್ಧಾಶ್ರಮದ ಹಜಾರದಲ್ಲಿ ಹೊಸ ಕಂಬಳಿಗಳನ್ನು ಎದೆಯೆತ್ತರಕ್ಕೆ ಪೇರಿಸಿದ್ದರು; ಒಂದೊಂದಕ್ಕೂ ಪ್ಲಾಸ್ಟಿಕ್ ಚೀಲ, ಕೆಂಪು ರಿಬ್ಬನ್. ಹೊರಗೆ ಆ ಊರು ಕಂಡರಿಯದ ಚಳಿಗಾಳಿ. ಕಟ್ಟಡವೋ, ಬೇಸಿಗೆಯೊಂದನ್ನೇ ನೆನೆದು ಕಟ್ಟಿದ್ದು. ತಂಗಾಳಿ ಬರಲೆಂದು ಗೋಡೆಯಲ್ಲಿ ಬಿಟ್ಟ ಕಿಂಡಿಗಳಿಗೆ ಬಾಗಿಲೇ ಇರಲಿಲ್ಲ.

“ನನಗಲ್ಲಪ್ಪ, ನನ್ನ ಕೋಣೆಯ ಬಿಶಾರಾ ಮೇಷ್ಟ್ರಿಗೆ. ತುಟಿಯೆಲ್ಲ ನೀಲಿಗಟ್ಟಿದೆ. ಒಂದೇ ಒಂದು ಕೊಡು.”

“ದಾನಿಗಳು ಕೈರೋದಿಂದ ಬಂದು ತಮ್ಮ ಕೈಯಾರೆ ಹೊದಿಸ್ಬೇಕು, ಫೋಟೊ ಆಗ್ಬೇಕು. ಗಾಳಿಗೆ ವಿಮಾನ ನಿಂತುಹೋಗಿದೆ, ನಾನೇನ್ ಮಾಡ್ಲಿ? ಬಿಚ್ಚಿದ ಕಂಬಳಿ ನೋಡಿದ್ರೆ ಆ ದೊಡ್ಡ ದಾನಿ ಪಾಷಾ ಮುಂದಿನ ವರ್ಷ ಈ ಕಡೆ ತಲೆ ಹಾಕ್ತಾರಾ?”

“ಮುಂದಿನ ವರ್ಷಕ್ಕೆ ಮೇಷ್ಟ್ರು ಇರ್ಬೇಕಲ್ಲ?”

“ಇದು ಆಸ್ವಾನ್, ಹಾಜಿ. ನಾಳೆ ಬಿಸಿಲು ಬಂದೇ ಬರುತ್ತೆ.”

ಹೀಗೆಂದು ಶಾಕಿರ್ ತನ್ನ ಉಣ್ಣೆಯ ಕೋಟಿನ ಗುಂಡಿ ಹಾಕಿಕೊಂಡು ಹಜಾರಕ್ಕೆ ಬೀಗ ಜಡಿದನು. ನಡುಗುವವನ ಮೈ, ಕೊಡುವವನ ಬಿಡುವಿಗಾಗಿ ಕಾಯತಕ್ಕದ್ದೆಂಬ ನೀತಿಯನ್ನು ಅವನಿಗೆ ಯಾವ ಶಾಲೆ ಕಲಿಸಿತ್ತೋ!

ಕೋಣೆಗೆ ಮರಳಿದ ಹಾಜಿಯವರು ಮಂಚದಡಿಯ ತಗಡಿನ ಪೆಟ್ಟಿಗೆಯನ್ನು ಎಳೆದು, ಮಕ್ಕಾ ಯಾತ್ರೆಯಲ್ಲಿ ತಾವು ಧರಿಸಿದ್ದ ಎರಡು ದಪ್ಪ ಬಿಳಿಯ ವಸ್ತ್ರಗಳನ್ನು ಹೊರತೆಗೆದರು. ಅಲ್ಲಿನ ಪವಿತ್ರ ಜಮ್‌ಜಮ್ ಬಾವಿಯ ನೀರಿನಲ್ಲಿ ಅದ್ದಿ ಒಣಗಿಸಿ, ತಾವು ಸತ್ತಾಗ ಕಫನ್ ಆಗಿ ಸುತ್ತಲೆಂದು ಜೋಪಾನವಾಗಿ ಇಟ್ಟುಕೊಂಡಿದ್ದಂಥವು. ಅವನ್ನು ಬಿಶಾರಾ ಮೇಷ್ಟ್ರ ಮೈಗೆ ಕುತ್ತಿಗೆಯವರೆಗೆ ಬಿಗಿಯಾಗಿ ಸುತ್ತಿದರು.

“ಲೋ, ಇದು ನಿನ್ನ ಕಫನ್ ಅಲ್ವೇನೋ?” ಮೇಷ್ಟ್ರ ಹಲ್ಲುಗಳು ಕಟಕಟಿಸಿದವು. “ಇದನ್ನ ನೋಡಿ ನನ್ನನ್ನ ನಿಮ್ಮ ಸ್ವರ್ಗಕ್ಕೆ ಸೇರಿಸ್ಕೊಂಡ್‌ಬಿಟ್ರೆ, ನಮ್ಮ ಪಾದ್ರಿ ನಿನ್ನ ಸುಮ್ನೆ ಬಿಡ್ತಾರಾ?”

“ಬಾಯ್ಮುಚ್ಕೊಂಡು ಮಲಗೋ. ನಿಜವಾಗ್ಲೂ ಬೆಚ್ಚಗಿರೋದು ನರಕ. ಆದ್ರೆ ಅಲ್ಲಿ ಜಾಗ ಎಲ್ಲ ಶಾಕಿರ್‌ಗೇ ಹಿಡಿದಿಟ್ಟಿದ್ದಾರೆ.”

ಮೇಷ್ಟ್ರು ನಕ್ಕರು. ನಗು ಕೆಮ್ಮಾಯಿತು. ಬೆಳಗಾಗುವಷ್ಟರಲ್ಲಿ ಕೆಮ್ಮೂ ನಿಂತಿತ್ತು.

ಚರ್ಚಿನಿಂದ ಬಂದ ಪಾದ್ರಿ ಬಿಳಿಯ ವಸ್ತ್ರವನ್ನು ಬಿಡಿಸಲು ಕೈ ಚಾಚಿದಾಗ ಹಾಜಿಯವರು ತಡೆದರು. “ಇರ್ಲಿ ಬಿಡಿ ಸ್ವಾಮಿ. ಬೆಚ್ಚಗಾಗೋಕೇ ಅವನಿಗೆ ಅಷ್ಟು ಹೊತ್ತು ಹಿಡೀತು.” ಪಾದ್ರಿ ಕೈ ಹಿಂತೆಗೆದರು.

ದಾನಿಗಳು ಬಂದ ದಿನ ಆಸ್ವಾನಿಗೆ ತನ್ನ ಬಿಸಿಲು ಮರಳಿತ್ತು. ಹಜಾರದ ಫ್ಯಾನುಗಳು ಭರದಿಂದ ತಿರುಗುತ್ತಿದ್ದವು. ಕೆಂಪು ರಿಬ್ಬನ್ನುಗಳು ಒಂದೊಂದಾಗಿ ಕತ್ತರಿಸಲ್ಪಟ್ಟವು. ಬೆವರುವ ಹೆಗಲುಗಳ ಮೇಲೆ ಕಂಬಳಿಗಳು ಏರಿದವು. ಕ್ಯಾಮೆರಾದ ಹಿಂದೆ ನಿಂತ ಶಾಕಿರ್, “ಸ್ವಲ್ಪ ನಗಿ ಹಾಜಿ, ನಗಿ!” ಎಂದು ಕೈಸನ್ನೆ ಮಾಡಿದನು.

ಹಾಜಿಯವರ ಹೆಗಲಿಗೆ ಕಂಬಳಿ ಹೊದಿಸಿದ ದಾನಿ ಮಮತೆಯಿಂದ ಬಾಗಿ ಕೇಳಿದರು: “ಇನ್ನೇನಾದ್ರೂ ಬೇಕಾ, ಅಪ್ಪಾ?”

“ಒಂದು ಕಫನ್ ಕೊಡ್ಸಿ ಪಾಷಾ. ನನ್ನದನ್ನ ಬದುಕಿದ್ದವನೊಬ್ಬನಿಗೆ ಹೊದಿಸ್ಬಿಟ್ಟೆ.”