ನಲವತ್ತೊಂದು ಫೈಲು

ಹಳೆಯ ಹಾರ್ಡ್ ಡಿಸ್ಕನ್ನು ತಿರುಗಿಸಿ ನೋಡುತ್ತ ರಿಪೇರಿಯವನು ನಕ್ಕ. "ಏನ್ ಮೇಡಂ, ಇದ್ರಲ್ಲಿ ನಿಧಿ ಗಿಧಿ ಇದ್ಯಾ?"

"ಅಜ್ಜಿ ಇದ್ದಾಳೆ ಅಣ್ಣಾ," ಎಂದೆ.

ನಾನು ಹಾಸ್ಟೆಲ್ ಸೇರಿದ ವರ್ಷ ಅಜ್ಜಿ ದಿನಾ ಊಟವಾದ ಮೇಲೆ ಕಂಪ್ಯೂಟರಿನ ಮುಂದೆ ಕೂತು ಕಥೆ ಹೇಳುತ್ತಿದ್ದಳಂತೆ. ಇದರಲ್ಲಿ ಹೇಳಿದರೆ ಹಾಸ್ಟೆಲಿನಲ್ಲಿರುವ ಮೊಮ್ಮಗಳಿಗೆ ಕೇಳಿಸುತ್ತದೆ ಎಂದಿದ್ದನಂತೆ ಮಾವ. ಎಲ್ಲವನ್ನೂ ರೆಕಾರ್ಡ್ ಮಾಡಿ, ಯಾರೂ ಅಳಿಸದಿರಲೆಂದು ಪಾಸ್‌ವರ್ಡ್ ಹಾಕಿ, ಅದನ್ನೇ ಮರೆತುಬಿಟ್ಟಿದ್ದ. ನಾನು ರಜೆಗೆ ಬರುವಷ್ಟರಲ್ಲಿ ಅಜ್ಜಿ ಇರಲಿಲ್ಲ. ನಾನು ಹೊರಡುವ ಮುನ್ನ ಅವಳು ಅರ್ಧಕ್ಕೆ ನಿಲ್ಲಿಸಿದ್ದ ಕಥೆಯಲ್ಲಿ ಏಳು ಕಡಲು ದಾಟಲು ಹೊರಟ ರಾಜಕುಮಾರಿ ಮನೆ ಮುಟ್ಟಿದಳೋ ಇಲ್ಲವೋ, ನನಗಿನ್ನೂ ಗೊತ್ತಿಲ್ಲ.

ಒಂಬತ್ತನೆಯ ದಿನ ಫೋನ್ ಬಂತು. "ಲಾಕ್ ತೆಗೀತು ಮೇಡಂ. ನಲವತ್ತೊಂದು ಫೈಲ್ ಇದೆ. ಆದ್ರೆ ಒಂದೂ ಒಂದ್ ನಿಮಿಷ ದಾಟಲ್ಲ."

"ಕೆಟ್ಟೋಗಿದ್ಯಾ ಅಣ್ಣಾ?"

"ಇಲ್ಲ, ಎಲ್ಲಾ ಸರಿಯಾಗೇ ಇದೆ. ನೀವೇ ಬಂದು ಕೇಳಿ."

ಅಂಗಡಿಯಲ್ಲಿ ಹೆಡ್‌ಫೋನ್ ಹಾಕಿಕೊಂಡೆ.

"ರಾಜಕುಮಾರಿ ದೋಣಿ ಹತ್ತಿದ್ಲು, ಕಂದಾ..."

ಮುಂದೆ ಬರೀ ಅಜ್ಜಿಯ ಉಸಿರು. ತುಸು ಹೊತ್ತು ಕಾದು, ಮೆಲ್ಲಗೆ ಮಾವನಿಗೆ ಹೇಳಿದಳು:

"ಹೂಂ ಅಂತಾನೇ ಇಲ್ವಲ್ಲೋ. ಮಗೂಗೆ ನಿದ್ದೆ ಬಂತು ಅಂತ ಕಾಣುತ್ತೆ. ಆರಿಸ್ಬಿಡು, ಎಬ್ಬಿಸ್ಬೇಡ."