ಪಕ್ಕದ ಆ ಸಣ್ಣ ಸಂಖ್ಯೆ

ಗದಗದ ಒಂದು ಕಾಲೇಜು… ನೀಲಗಂಗಾ ಮೇಡಂ ಅಲ್ಲಿ ಇಪ್ಪತ್ತೆರಡು ವರ್ಷದಿಂದ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದರು.

ಕಂಪ್ಯೂಟರ್ ಲ್ಯಾಬ್‌ನಲ್ಲಿ ಲೆಕ್ಕಕ್ಕೆ ಅವರ ಪ್ರೋಗ್ರಾಮಿಂಗ್ ಭಾಷೆ ಒಂದೇ… ಆರ್. ಒಮ್ಮೆ ಬರೆದರೆ ಮುಗಿಯಿತು, ತಪ್ಪೇ ಇಲ್ಲ!

ಈ ವರ್ಷ ಫಿರ್ದೋಸ್ ಎಂಬ ಹೊಸ ಲೆಕ್ಚರರ್ ಬಂದಳು.

ಅವಳು ಕಂಪ್ಯೂಟರಿನಲ್ಲೇ ಒಂದು ನೋಟ್‌ಬುಕ್ ತೆರೆದು, ಒಂದೇ ಲೆಕ್ಕವನ್ನು ಆರ್, ಪೈಥಾನ್, ಜೂಲಿಯಾ… ಮೂರು ಭಾಷೆಗಳಲ್ಲಿ ಮಾಡಿ ತೋರಿಸುತ್ತಿದ್ದಳು. ಬರೆದ ಸಾಲಿನ ಕೆಳಗೇ ಉತ್ತರ, ಬಣ್ಣದ ಗ್ರಾಫ್. ಮಕ್ಕಳೆಲ್ಲ ಅವಳ ಸುತ್ತ!

ಮೇಡಂಗೆ ಹೊಟ್ಟೆ ಉರಿಯಿತು. ಊಟ ಸೇರಲಿಲ್ಲ. ಅವಳ ನಗು, ಅವಳ ಟಿಫಿನ್ ಡಬ್ಬಿ ಕೂಡ ಕಣ್ಣಿಗೆ ಚುಚ್ಚತೊಡಗಿದವು.

ಅಷ್ಟರಲ್ಲಿ ಪ್ರಿನ್ಸಿಪಾಲರು ಹೇಳಿದರು… "ನಾಳೆ ಕಾಲೇಜ್ ತಪಾಸಣೆಗೆ ಬರೋ ಕಮಿಟಿ ಮುಂದ ಫಿರ್ದೋಸ್ ತನ್ನ ನೋಟ್‌ಬುಕ್ ತೋರಸಲಿ. ನೀವು ರೆಸ್ಟ್ ತಗೋರಿ ಮೇಡಂ."

ರೆಸ್ಟ್ ಅಂತೆ! ಪ್ರತಿ ಸಲ ಕಮಿಟಿ ಬಂದಾಗಲೂ ಮುಂದೆ ನಿಂತವರು ಇವರು.

ಮಧ್ಯಾಹ್ನ ಲ್ಯಾಬ್ ಖಾಲಿ ಇತ್ತು. ಫಿರ್ದೋಸ್‌ಳ ನೋಟ್‌ಬುಕ್ ತೆರೆದೇ ಇತ್ತು.

ಮೇಡಂ ಸುತ್ತ ನೋಡಿದರು… ಪೈಥಾನ್ ಸಾಲಿನ ಒಂದು ಕಾಮಾ ಅಳಿಸಿಬಿಟ್ಟರು. ನಾಳೆ ಎಲ್ಲರೆದುರು ಬೆವರಲಿ ಇವಳು!

ಬಾಗಿಲ ಸದ್ದಾಯಿತು. ಫಿರ್ದೋಸ್!

"ಚಲೋ ಆತು ಬಂದ್ರಿ ಮೇಡಂ. ನಿಮಗ ಒಮ್ಮೆ ತೋರಸಬೇಕಂತಿದ್ದೆ" ಎನ್ನುತ್ತಾ ಲೆಕ್ಕ ನಡೆಸುವ ರನ್ ಗುಂಡಿ ಒತ್ತಿದಳು.

ಕೆಂಪು ಅಕ್ಷರಗಳು… ಎರರ್.

ಅವಳ ಮುಖ ಬಾಡಿತು. ಸಾಲಿನ ಪಕ್ಕದ ಸಣ್ಣ ಸಂಖ್ಯೆಯನ್ನು ತೋರಿಸಿದಳು. ರನ್ ಒತ್ತಿದಾಗಲೆಲ್ಲ ಒಂದೊಂದೇ ಏರುವ ಸಂಖ್ಯೆ ಅದು. 387.

"ನೋಡ್ರಿ… ಮೂರು ದಿನದಾಗ ಇಷ್ಟು ಸಲ ಒತ್ತೀನಿ. ಮುಂಜಾನೆ ಉತ್ತರ ಸರಿ ಬಂದಿತ್ತು, ಮತ್ತ ಏನೋ ತಪ್ಪು ಮಾಡೇನಿ. ನೀವು ಆರ್‌ನ್ಯಾಗ ಒಂದ ಸಲಕ್ಕ ಬರೀತೀರಿ. ಖರೇ ಹೇಳ್ತೀನಿ ಮೇಡಂ, ನಿಮ್ಮನ್ನ ಕಂಡ್ರ ನನಗ ಭಾಳ ಹೊಟ್ಟೆಕಿಚ್ಚು!"

ಮೇಡಂ ಪುಟದ ಮೇಲ್ಭಾಗ ನೋಡಿದರು. ಅಲ್ಲಿ ಅವರದೇ ಹಳೆಯ ಆರ್ ಲೆಕ್ಕವಿತ್ತು. ಕೆಳಗೆ ಫಿರ್ದೋಸ್ ಬರೆದುಕೊಂಡಿದ್ದಳು… 'ಇದು ನೀಲಗಂಗಾ ಮೇಡಂ ಉತ್ತರ. ನನ್ನದು ಇದಕ್ಕೆ ತಾಳೆಯಾಗಬೇಕು.'

ಮೇಡಂ ಕಣ್ಣು ತುಂಬಿ ಬಂತು.

"ತಪ್ಪು ನಿಂದಲ್ಲವ್ವಾ… ನಂದು. ಆ ಕಾಮಾ ನಾನ ತಗದೆ."

ಕಾಮಾ ಮತ್ತೆ ಹಾಕಿದರು. ಫಿರ್ದೋಸ್ ಆ ಸಾಲನ್ನು ಮತ್ತೊಮ್ಮೆ ಓದಿದಳು…

ಆಮೇಲೆ ಮೇಡಂ ಬೆರಳು ಹಿಡಿದು, ಅದರಿಂದಲೇ ರನ್ ಒತ್ತಿಸಿದಳು.

388… ಉತ್ತರ ತಾಳೆಯಾಯಿತು.

"ನಾಳೆ ನನ್ನ ಬಾಜೂಕ ನಿಂದರ್ರಿ ಮೇಡಂ. ಮ್ಯಾಲಿನ ಲೆಕ್ಕ ನೀವ ಹೇಳ್ರಿ."

ಮೇಡಂ ಮಗುವಿನ ಹಾಗೆ ಅತ್ತುಬಿಟ್ಟರು.

ಹೊಟ್ಟೆಕಿಚ್ಚು ಬೇರೆಯವರ ಉತ್ತರವನ್ನಷ್ಟೇ ಓದುತ್ತದೆ… ಪಕ್ಕದ ಸಂಖ್ಯೆಯನ್ನು ಓದುವುದಿಲ್ಲ.

ಇವತ್ತು ನೀವು ಯಾರನ್ನು ನೋಡಿ ಹೊಟ್ಟೆ ಉರಿದುಕೊಂಡಿರಿ? ಅವರ ಪಕ್ಕದ ಸಂಖ್ಯೆ ಎಷ್ಟಿರಬಹುದು?